ಈ ರ‍್ಯಾಕ್ ನಮ್ಮದಲ್ಲ ಸರ್

"ಈ ರ‍್ಯಾಕ್ ನಮ್ಮದಲ್ಲ ಸರ್." ಇಂದು ಬೆಳಿಗ್ಗೆ ಸರ್ವಿಸ್ ಸೆಂಟರಿನಲ್ಲಿ ಈ ಮಾತನ್ನು ಕೇಳಿ ಕೇಳಿ ಕಿವಿ ತೂತಾಯಿತು. ಎಂಜಿನ್ ಆಯಿಲ್ ಬದಲಿಸಿ, ಚೈನು ಬಿಗಿ ಮಾಡಿ ಎಂದರೆ ಹುಡುಗ ಬೈಕಿನ ಹಿಂಭಾಗದಲ್ಲಿ ಸಾಮಾನು ಹೊರಲು ಹಾಕಿದ್ದ ರ‍್ಯಾಕನ್ನೇ ದಿಟ್ಟಿಸುತ್ತಾ ನಿಂತ. ಕೈಯಲ್ಲಿದ್ದ ಟ್ಯಾಬಿನಲ್ಲಿ ಫೋಟೊ ತೆಗೆದು ಮೇಲಿನವರಿಗೆ ಕಳಿಸಿದ. ಮೇಲಿನವರು ಮೆಟ್ಟಿಲಿಳಿದು ಬಂದರು. ಅವರದೂ ಅದೇ ರಾಗ. ನಮ್ಮದಲ್ಲ. ಅಲ್ಲ ಮಾರಾಯರೇ, ಅದು ನಿಮ್ಮದು ಎಂದು ನಾನು ಯಾವಾಗ ಹೇಳಿದೆ? ಅದು ನನ್ನದು. ಬೈಕೂ ನನ್ನದೇ. ಚೈನು ಬಿಗಿ ಮಾಡಲು ರ‍್ಯಾಕಿನ ಕುಲಗೋತ್ರ ಏಕೆ ಬೇಕು?

ಈ ರ‍್ಯಾಕು ಯಾವುದೆಂದು ಇಲ್ಲಿರುವ ಬಹಳಷ್ಟು ಗೆಳೆಯರಿಗೆ ಗೊತ್ತು. ನನ್ನ ಹಳೆಯ ಬೈಕಿನದು. ಚಾರ್ಮಾಡಿಯ ಮಳೆಯಲ್ಲಿ ನಿಮ್ಮಲ್ಲೇ ಇಬ್ಬರ ಟೆಂಟನ್ನು ಹೊತ್ತದ್ದೂ ಅದೇ. ಆ ಬೈಕನ್ನು ನನ್ನಿಂದ ಕೊಂಡುಕೊಂಡವನು ರ‍್ಯಾಕು ಬೇಡ, ಅಂದ ಕೆಡುತ್ತದೆ ಎಂದ. ಅಂದವಂತೆ! ಬಿಚ್ಚಿ ಅಟ್ಟಕ್ಕೆ ಹಾಕಿದೆ. ಈಗ ಅದನ್ನೇ ಬೇರೆ ಕಂಪನಿಯ ಹೊಸ ಬೈಕಿಗೆ ಕೂರಿಸಿದ್ದೇನೆ. ಹೊಸ ಬೈಕು ಯಾವುದೆಂದೂ ನಿಮಗೆ ಗೊತ್ತು, ಹಾಗಾಗಿ ಎರಡೂ ಕಂಪನಿಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ವಿಷಯದಲ್ಲಿ ಎಲ್ಲರೂ ಒಂದೇ ಎಂಬುದೇ ನನ್ನ ತಕರಾರು.

ತಕರಾರು ಇಷ್ಟೇ. ಎರಡೂ ಬೈಕುಗಳ ಹಿಂಭಾಗದಲ್ಲಿ ರ‍್ಯಾಕು ಕೂರಿಸಲು ನಾಲ್ಕು ತೂತುಗಳಿವೆ. ನಾಲ್ಕಕ್ಕೂ ಎಂ8 ಬೋಲ್ಟು, ಅಂದರೆ 8 ಮಿಲಿಮೀಟರ್ ವ್ಯಾಸ, 1.25 ಮಿಲಿಮೀಟರ್ ಪಿಚ್ (ಬೋಲ್ಟಿನ ಮೈಮೇಲಿನ ಒಂದು ಸುರುಳಿಯಿಂದ ಮುಂದಿನದಕ್ಕೆ ಇರುವ ಅಂತರ). ಈ ಬೈಕಿನ ಬೋಲ್ಟನ್ನು ಬಿಚ್ಚಿ ಆ ಬೈಕಿಗೆ ಹಾಕಿದರೆ ಕೈಯಲ್ಲೇ ತಿರುಗಿಕೊಂಡು ಒಳಗೆ ಹೋಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಯಾವ ಅಂಗಡಿಗೆ ಹೋದರೂ ಸಿಗುತ್ತದೆ. ಆದರೆ ಅಡ್ಡಲಾಗಿ ಅಳೆದರೆ ಎರಡು ತೂತುಗಳ ನಡುವಿನ ಅಂತರದಲ್ಲಿ 11 ಮಿಲಿಮೀಟರ್ ವ್ಯತ್ಯಾಸ. ಉದ್ದಕ್ಕೆ 22. ಈ 11 ಮಿಲಿಮೀಟರಿನಿಂದ ಯಾರಿಗೆ ಏನು ಲಾಭ? ಬೈಕು ಹೆಚ್ಚು ಓಡುತ್ತದೆಯೇ? ಬ್ರೇಕು ಚೆನ್ನಾಗಿ ಹಿಡಿಯುತ್ತದೆಯೇ? ಒಂದೇ ಲಾಭ. ಆ ಕಂಪನಿಯ ರ‍್ಯಾಕು ಈ ಬೈಕಿಗೆ ಕೂರುವುದಿಲ್ಲ, ನಾನು ಶೋರೂಮಿಗೆ ಹೋಗಿ 8,000 ಚಿಲ್ಲರೆ ಕೊಟ್ಟು ಬಾಗಿಸಿದ ಕಬ್ಬಿಣದ ಪೈಪನ್ನು ಮತ್ತೊಮ್ಮೆ ಕೊಳ್ಳಬೇಕು.

ಬೋಲ್ಟಿನ ಜಗಳ ಎಂದೋ ಮುಗಿದುಹೋಗಿದೆ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬಾತ, ಪ್ರತಿ ಕಾರ್ಖಾನೆಯೂ ತನಗೆ ತೋಚಿದಂತೆ ಬೋಲ್ಟಿನ ಸುರುಳಿ ಕೊರೆಯುವುದು ಸಾಕು, ಎಲ್ಲರಿಗೂ ಒಂದೇ ಅಳತೆ ಇರಲಿ ಎಂದು ಪ್ರಸ್ತಾಪಿಸಿದ. ಆಮೇಲೆ ಮೆಟ್ರಿಕ್ ಅಳತೆ ಬಂದು ಬಹುತೇಕ ಜಗತ್ತಿಗೆ ಒಂದೇ ಎಂ8 ಆಯಿತು. ಬೋಲ್ಟಿನ ವಿಷಯದಲ್ಲಿ ಒಪ್ಪಿಕೊಂಡವರೇ ಬೋಲ್ಟು ಎಲ್ಲಿ ಕೂರಬೇಕು ಎಂಬುದಕ್ಕೆ ಬಂದಾಗ ಪಾಳೇಗಾರರಾಗಿಬಿಡುತ್ತಾರೆ.

ನಿಮ್ಮ ಮನೆಯ ಗೋಡೆಯ ಟಿವಿಯನ್ನು ಒಮ್ಮೆ ನೋಡಿ. ಹಿಂದೆ ನಾಲ್ಕು ತೂತು. 100ಕ್ಕೆ 100 ಮಿಲಿಮೀಟರ್, 200ಕ್ಕೆ 200 ಮಿಲಿಮೀಟರ್, ಹೀಗೆ ವೆಸಾ (VESA) ಎಂಬ ಸಂಸ್ಥೆ ಗೊತ್ತುಮಾಡಿದ ಕೆಲವೇ ಅಳತೆಗಳು. ಕೊರಿಯಾದ ಟಿವಿಗೆ ನಮ್ಮೂರಿನ ಅಂಗಡಿಯ ಬ್ರಾಕೆಟ್ಟು ತಂದರೂ ಕೂರುತ್ತದೆ. ಮನೆಯಲ್ಲಿ ಅಲುಗಾಡದೆ ನೇತಾಡುವ ವಸ್ತುವಿಗೆ ಇಷ್ಟು ಶಿಸ್ತು ಸಾಧ್ಯವಾದರೆ ಬೈಕಿಗೆ ಏಕಿಲ್ಲ?

ಈಗ ಕಾಮೆಂಟಿನಲ್ಲಿ ಒಬ್ಬ ಎಂಜಿನಿಯರ್ ಮಹಾಶಯರು ಪ್ರತ್ಯಕ್ಷರಾಗುತ್ತಾರೆ, ಬಲ್ಲೆ. "ಪ್ರತಿ ಬೈಕಿನ ಚಾಸಿಯೂ ಬೇರೆ, ಹಿಂಬದಿಯ ಚೌಕಟ್ಟಿನ ಅಗಲ ಬೇರೆ, ಭಾರ ಬೀಳುವ ರೀತಿ ಬೇರೆ. ಕಂಪನಿಯವರು ಪರೀಕ್ಷೆ ಮಾಡಿಯೇ ರ‍್ಯಾಕು ಮಾಡಿರುತ್ತಾರೆ." ಒಪ್ಪಿದೆ. ಬೈಕಿಗೆ ಬಿಗಿಯುವ ಕೆಳಗಿನ ಕೈಗಳು ಬೇರೆ ಬೇರೆಯೇ ಇರಲಿ, ಮೇಲಿನ ತಟ್ಟೆ ಒಂದೇ ಅಳತೆಯದ್ದಾಗಲು ಏನು ರೋಗ? ಬೈಕಿನ ಲಗೇಜು ಪೆಟ್ಟಿಗೆ ಮಾಡುವ ಇಟಲಿಯ ಗಿವಿ ಕಂಪನಿಯನ್ನೇ ನೋಡಿ. ಜುಸೆಪ್ಪೆ ವಿಸೆಂಜಿ ಎಂಬ ಮಾಜಿ ರೇಸರ್ 1978ರಲ್ಲಿ ಶುರು ಮಾಡಿದ್ದು. ಬೈಕಿಗೆ ತಕ್ಕ ಕೈಗಳು ಬೇರೆ, ಅದರ ಮೇಲೆ ಪೆಟ್ಟಿಗೆ ಹಿಡಿಯುವ ತಟ್ಟೆ ಬೇರೆ. ಬೈಕು ಬದಲಿಸಿದರೆ ಕೈಗಳನ್ನಷ್ಟೇ ಬದಲಿಸಿ, ತಟ್ಟೆ ಮತ್ತು ಪೆಟ್ಟಿಗೆ ಉಳಿಸಿಕೊಳ್ಳಬಹುದು. ದಾರಿ ಇದೆ ಎಂದಾಯಿತಲ್ಲ. ಹಾಗೆಂದು ಅವರೇನೂ ಸಂತರಲ್ಲ. ಅವರದೇ ಮೊನೊಕೀ ಪೆಟ್ಟಿಗೆ ಅವರದೇ ಮೊನೊಲಾಕ್ ತಟ್ಟೆಯ ಮೇಲೆ ಕೂರುವುದಿಲ್ಲ! ಒಂದೇ ಮನೆಯಲ್ಲಿ ಎರಡು ಒಲೆ.

ಇನ್ನು ಕಾನೂನಿನ ಹೆದರಿಕೆ. ಮೆಟ್ಟಿಲಿಳಿದು ಬಂದವರು ಅದನ್ನೂ ಹೇಳಿದರು, ಆರ್‌ಟಿಒ ಹಿಡಿಯುತ್ತಾರಂತೆ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಓದಿದ್ದೀರಾ ಎಂದು ಕೇಳಿದೆ. ಮುಖ ನೋಡಿದರು. ಹಿಂಬದಿ ಸವಾರರಿಗೆ ಹಿಡಿದುಕೊಳ್ಳಲು ಹಿಡಿಕೆ ಇರಬೇಕು, ಕಾಲಿಡಲು ಜಾಗ ಇರಬೇಕು, ಬಟ್ಟೆ ಚಕ್ರಕ್ಕೆ ಸಿಗದಂತೆ ಅರ್ಧ ಚಕ್ರವನ್ನಾದರೂ ಮರೆಮಾಡುವ ರಕ್ಷಣೆ ಇರಬೇಕು, ನಿಯಮದ ಕಾಳಜಿ ಇದು. 2020ರಲ್ಲಿ ಅದಕ್ಕೆ ಲಗೇಜು ಪೆಟ್ಟಿಗೆಯ ಗರಿಷ್ಠ ಅಳತೆಯೂ ಸೇರಿತು: 550 ಮಿಲಿಮೀಟರ್ ಉದ್ದ, 510 ಅಗಲ, 500 ಎತ್ತರ. ಪೆಟ್ಟಿಗೆ ಹಿಂದಿನ ಸೀಟನ್ನು ಆಕ್ರಮಿಸಿದರೆ ಸವಾರ ಒಬ್ಬನೇ ಹೋಗಬೇಕು. ಅದರ ಕೆಳಗಿನ ರ‍್ಯಾಕಿನ ಮೇಲೆ ಯಾವ ಕಂಪನಿಯ ಲಾಂಛನ ಇರಬೇಕು ಎಂದು ಆ ನಿಯಮ ಹೇಳುವುದಿಲ್ಲ.

ನಿಜವಾಗಿ ಬೈಸಿಕೊಳ್ಳಬೇಕಾದವರು ಬೇರೆ ಇದ್ದಾರೆ. ರ‍್ಯಾಕಿನ ಎಡಗೈ ಸೀರೆ ಗಾರ್ಡಿಗೆ ತಾಗುತ್ತದೆಂದು ಗಾರ್ಡನ್ನೇ ಬಿಚ್ಚಿ ಗುಜರಿಗೆ ಹಾಕುವ ನಮ್ಮ ಶೂರ ಸವಾರರು. ನಿಮ್ಮ ಪಯಣದ ಹುಚ್ಚಿಗೆ ಹಿಂದೆ ಕುಳಿತವರ ಸೆರಗು ಏಕೆ ಬಲಿಯಾಗಬೇಕು? ನಾನು ಗಾರ್ಡನ್ನು ಉಳಿಸಿಕೊಂಡು ರ‍್ಯಾಕಿನ ಎಡಗೈಯನ್ನು ಅದರ ಹೊರಗಿಂದ ಇಳಿಸಿದ್ದೇನೆ. ಒಂದಿಷ್ಟು ಅಗಲವಾಯಿತು. ಆಗಲಿ.

ಕೂರಿಸಿದ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕೇಳಿದವರು ಹಲವರಿದ್ದೀರಿ. ದಪ್ಪನೆಯ ಮದುವೆ ಕರೆಯೋಲೆ ಒಂದನ್ನು ತೆಗೆದುಕೊಳ್ಳಿ (ಮನೆಯಲ್ಲಿ ಅದಕ್ಕೇನು ಬರವೇ). ಬೈಕಿನ ತೂತಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ತೀಡಿದರೆ ತೂತಿನ ಅಂಚು ಕಾಗದದ ಮೇಲೆ ಮೂಡುತ್ತದೆ. ರ‍್ಯಾಕಿಗೂ ಹಾಗೆಯೇ ಇನ್ನೊಂದು. ಎರಡನ್ನೂ ಒಂದರ ಮೇಲೊಂದು ಇಟ್ಟಾಗ ಫಜೀತಿ ಕಣ್ಣಿಗೆ ಕಾಣುತ್ತದೆ. 11 ಮಿಲಿಮೀಟರ್ ವ್ಯತ್ಯಾಸವನ್ನು ಎರಡು ಬದಿಗೆ ಹಂಚಿದರೆ ಒಂದೊಂದು ಕಡೆ ಐದೂವರೆ. ತೂತಿನ ವ್ಯಾಸವೇ ಎಂಟಕ್ಕಿಂತ ಹೆಚ್ಚು. ಅಂದರೆ ಪಕ್ಕದಲ್ಲಿ ಹೊಸ ತೂತು ಕೊರೆಯುವಂತಿಲ್ಲ, ಎರಡೂ ಬೆಸೆದುಕೊಂಡು ಒಂದಾಗುತ್ತವೆ. ಇಲ್ಲಿ ಎಲ್ಲರೂ ಮಾಡುವುದು ಏನೆಂದರೆ ಗ್ರೈಂಡರ್ ಹಿಡಿದು ತೂತನ್ನು ಉದ್ದ ಮಾಡುವುದು. ಹಾಗೆ ಮಾಡಿದರೆ ಅಂಚಿನಲ್ಲಿ ಉಳಿಯುವ ಲೋಹ ತೆಳ್ಳಗಾಗಿ, ಭಾರ ಹೊತ್ತು ಕುಲುಕುವಾಗ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಯ ಮೇಸ್ತ್ರಿ ಕರೆಯೋಲೆಗಳನ್ನು ನೋಡಿ, ಮೇಲಿನದನ್ನು ಬೆರಳಿನಿಂದ ಮುಂದಕ್ಕೆ ಸರಿಸಿದರು. "ರ‍್ಯಾಕನ್ನೇ ಮುಂದೆ ತನ್ನಿ ಸರ್. ಹೊಸ ತೂತು ಹಳೆಯದರಿಂದ ದೂರವಾಗುತ್ತದೆ, ಭಾರವೂ ಒಳಗೆ ಬರುತ್ತದೆ." ಅಷ್ಟೇ. 45 ಮಿಲಿಮೀಟರ್ ಮುಂದೆ ತಂದದ್ದೇ ತಡ, ನಾಲ್ಕೂ ಬೋಲ್ಟಿನ ತಲೆಗಳಿಗೆ ಬೇರೆ ಬೇರೆ ಜಾಗ ಸಿಕ್ಕಿತು. ಸೀಟು ಎತ್ತಲು ಬೆರಳು ತೂರುವಷ್ಟು ಸಂದು ಉಳಿಯಿತು. ಭಾರ ಒಳಗೆ ಬರುವುದೂ ಸಣ್ಣ ವಿಷಯವಲ್ಲ. 10 ಕಿಲೋ ಚೀಲ ಹಿಂದಿನ ಅಚ್ಚಿನಿಂದ 30 ಸೆಂಟಿಮೀಟರ್ ಹಿಂದೆ ಇದ್ದರೆ, ಚಕ್ರಗಳ ನಡುವಿನ ಅಂತರ ಸುಮಾರು ಒಂದೂವರೆ ಮೀಟರ್ ಇರುವ ಬೈಕಿನ ಮುಂದಿನ ಚಕ್ರದ ಮೇಲಿಂದ 2 ಕಿಲೋ ಭಾರ ಎತ್ತಿದಂತಾಗುತ್ತದೆ. ಘಾಟಿಯ ತಿರುವಿನಲ್ಲಿ ಹ್ಯಾಂಡಲ್ ಹಗುರವಾಗುವುದು ಇದರಿಂದಲೇ.

ಬೈಕಿಗೂ ರ‍್ಯಾಕಿಗೂ ನಡುವೆ 5 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿ ಎರಡು, ಹಿಂದಿನ ಎರಡು ತೂತು ತಗ್ಗಿನಲ್ಲಿದ್ದುದರಿಂದ ಅಲ್ಲಿಗೆ ಲೇತಿನಲ್ಲಿ ಕಡೆದ ಬುಷ್, ಅಂದರೆ ಬೋಲ್ಟು ತೂರುವ ಗಿಡ್ಡ ಕೊಳವೆ. ಬುಷ್ ಉದ್ದವಾದಷ್ಟೂ ಬೋಲ್ಟಿನ ಮೇಲೆ ಬಾಗಿಸುವ ಒತ್ತಡ ಹೆಚ್ಚುತ್ತದೆ, ಆದ್ದರಿಂದ ಹೊಳೆಯುತ್ತದೆಂದು ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಹಾಕಬೇಡಿ. ತಲೆಯ ಮೇಲೆ ಬಲದ ಗುರುತಾಗಿ 8.8 ಎಂದು ಕೊರೆದಿರುವುದನ್ನೇ ಕೇಳಿ ಪಡೆಯಿರಿ. ಎ2-70 ಗುರುತಿನ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟು 450 ಮೆಗಾಪಾಸ್ಕಲ್ ಒತ್ತಡಕ್ಕೇ ಶಾಶ್ವತವಾಗಿ ಬಾಗಿಬಿಡುತ್ತದೆ, 8.8 ಬೋಲ್ಟು 640ರ ತನಕ ತಡೆಯುತ್ತದೆ. ವೆಲ್ಡಿಂಗನ್ನು ಬೈಕಿನ ಮೇಲೆ ಮಾಡಿಸಲೇಬೇಡಿ. ಗುರುತು ಹಾಕಿಕೊಂಡು, ಬಿಚ್ಚಿ, ಮೇಜಿನ ಮೇಲೆ ಮಾಡಿಸಿ. ವೆಲ್ಡಿಂಗಿನ ಕರೆಂಟು ಹರಿದು ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಸುಟ್ಟರೆ ಆಗ ಶೋರೂಮಿನವರು ನಮ್ಮದಲ್ಲ ಎನ್ನುವುದರಲ್ಲಿ ಅರ್ಥವಿದೆ. ಇದೆಲ್ಲಕ್ಕೂ ಸೇರಿ ಮೇಸ್ತ್ರಿ ತೆಗೆದುಕೊಂಡದ್ದು 1,200 ರೂಪಾಯಿ, ಪಟ್ಟಿಯ ಚೂಪು ಅಂಚನ್ನು ಅರದಿಂದ ಉಜ್ಜಿದ್ದಕ್ಕೆ ಬೇರೆ ದುಡ್ಡಿಲ್ಲ.

ದುಡ್ಡು ಉಳಿಸಲು ಹೀಗೆ ಮಾಡಿದೆ ಎಂದು ಮನೆಯಲ್ಲಿ ಹೇಳಿದ್ದೇನೆ. ನೀವು ಗೆಳೆಯರು, ನಿಮ್ಮ ಮುಂದೆ ಏಕೆ ಮುಚ್ಚುಮರೆ? ದುಡ್ಡು ನೆಪ. ಲಡಾಖಿಗೆ ಹೋಗಿಬಂದವರ ಫೋಟೊದಲ್ಲಿ ಹಿಂದಿನ ಹಿಮದ ಬೆಟ್ಟವನ್ನು ಬಿಟ್ಟು ಬೈಕಿನ ರ‍್ಯಾಕನ್ನು ದೊಡ್ಡದು ಮಾಡಿ ನೋಡುವ ಜಾತಿಯವನು ನಾನು. ಕಂಪನಿಯವರು ನಾಳೆಯೇ ನನ್ನ ಮಾತು ಕೇಳಿ ಎಲ್ಲ ತೂತುಗಳನ್ನೂ ಒಂದೇ ಅಳತೆಗೆ ತಂದರೆ ನನ್ನ ಭಾನುವಾರಗಳ ಗತಿಯೇನು ಎಂಬ ಸಣ್ಣ ಅಳುಕೂ ಇದೆ. ಆದರೆ ನನ್ನ ಚಟ ನನಗಿರಲಿ. ಲೇತ್ ಅಂಗಡಿ ಹತ್ತಿರವಿಲ್ಲದ ಊರಿನವನು, ಒಂದೇ ಸಲ ಗೋಕರ್ಣಕ್ಕೆ ಹೋಗಿ ಬರಲು ಆಸೆಪಟ್ಟವನು ಗೆಳೆಯನಿಂದ ರ‍್ಯಾಕು ಎರವಲು ತಂದು ತನ್ನ ಬೈಕಿಗೆ ಹಾಕಿಕೊಳ್ಳುವಂತಿರಬೇಕು.

ಅಪ್ಪನ ಬಳಿ ಮೈಸೂರಿನಲ್ಲಿ ತಯಾರಾದ ಯೆಜ್ಡಿ ಇತ್ತು. ಅದರ ಕ್ಯಾರಿಯರನ್ನು ಮಾಡಿಕೊಟ್ಟವನು ಊರಿನ ಸೈಕಲ್ ಅಂಗಡಿಯವನು. ರಾಗಿ ಮೂಟೆ, ಗ್ಯಾಸ್ ಸಿಲಿಂಡರ್, ಒಮ್ಮೆ ಒಂದು ಹೊಲಿಗೆ ಯಂತ್ರ ಎಲ್ಲ ಅದರ ಮೇಲೆಯೇ ಬಂದವು. ನಿಯಮ ಗಿಯಮ ನೋಡಿದವರಿಲ್ಲ, ಅದು ಸರಿಯೂ ಅಲ್ಲ. ಆದರೆ ಸರ್ವಿಸಿಗೆ ಬಿಟ್ಟಾಗ ಇದು ನಮ್ಮದಲ್ಲ ಎಂದು ಬೈಕನ್ನು ವಾಪಸು ಕಳಿಸಿದವರೂ ಇರಲಿಲ್ಲ.

ಸರಿ, ಕೊನೆಗೆ ಸೆಂಟರಿನವರು ಏನು ಮಾಡಿದರು ಎಂದು ಕೇಳುತ್ತೀರಿ. ರ‍್ಯಾಕು ಬಿಚ್ಚಿ ತಂದರೆ ಮಾತ್ರ ಸರ್ವಿಸ್ ಎಂದರು. ಅವರ ಅಂಗಳದಲ್ಲೇ ಕುಳಿತು ನಾಲ್ಕೂ ಬೋಲ್ಟು ಬಿಚ್ಚಿ ರ‍್ಯಾಕನ್ನು ಅವರ ಗಾಜಿನ ಬಾಗಿಲಿಗೆ ಒರಗಿಸಿಟ್ಟೆ. ಬಾಗಿಲಿನ ಮೇಲೆ ಕಂಪನಿಯ ಲಾಂಛನ, ಅದರ ಮುಂದೆ ಎದುರಾಳಿಯ ರ‍್ಯಾಕು. ಮಧ್ಯಾಹ್ನದ ತನಕ ಯಾರೂ ಅದನ್ನು ಮುಟ್ಟಲಿಲ್ಲ, ಅವರದಲ್ಲವಲ್ಲ! ಬಂದ ಗಿರಾಕಿಗಳಲ್ಲಿ ಮೂವರು ಇದು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಮೂವರಿಗೂ ಮೇಸ್ತ್ರಿಯ ಅಂಗಡಿಯ ದಾರಿ ಹೇಳಿ ಕಳಿಸಿದ್ದೇನೆ.

ಕರೆಯೋಲೆಯ ಅಚ್ಚಿನ ಅಳತೆಗಳನ್ನು ಹಾಳೆಯ ಮೇಲೆ ಬರೆದಿಟ್ಟಿದ್ದೇನೆ, ಬೇಕಾದವರು ಕೇಳಿ, ಫೋಟೊ ಕಳಿಸುತ್ತೇನೆ. ನಿಮ್ಮದು ಬೇರೆ ಬೈಕಾದರೆ ನೀವೇ ಅಳೆದುಕೊಳ್ಳಿ. "ಇಷ್ಟೆಲ್ಲ ಏಕೆ, ಕಾರಿನಲ್ಲಿ ಹೋಗಬಹುದಲ್ಲ" ಎಂದು ಬರೆಯುವವರನ್ನು ಗೆಳೆಯರ ಪಟ್ಟಿಯಿಂದ ಬಿಚ್ಚಲು ನನಗೆ ಸ್ಪ್ಯಾನರ್ ಕೂಡ ಬೇಕಾಗುವುದಿಲ್ಲ.