ಕ್ಯೂಬ್ ಬಿಚ್ಚಿದರೆ ಇನ್ನೊಂದು ಚಾನ್ಸ್ ಸಿಗುತ್ತಾ?

ಶಿರಸಿಯ ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಬಂದ ಫಾರ್ವರ್ಡ್: "ಸ್ಪರ್ಧೆಯಲ್ಲಿ ರೂಬಿಕ್ಸ್ ಕ್ಯೂಬಿನ ತುಂಡು ಹಾರಿದರೆ ಮತ್ತೊಂದು ಅವಕಾಶ ಕೊಡಲೇಬೇಕು." ಹಾಗೇನಿಲ್ಲ.

ಇಂಥ ಸ್ಪರ್ಧೆಗಳಿಗೆ ನಿಯಮ ಮಾಡುವ ಸಂಸ್ಥೆ ವರ್ಲ್ಡ್ ಕ್ಯೂಬ್ ಅಸೋಸಿಯೇಷನ್. ಅದರ ನಿಯಮದಲ್ಲಿ ಕ್ಯೂಬಿನ ಹೊಣೆ ಸ್ಪರ್ಧಿಯದ್ದೇ. ತುಂಡು ಮೇಜಿನಡಿ ಉರುಳಿತೇ? ಹೆಕ್ಕಿ, ಕೂರಿಸಿ, ಮುಂದುವರಿಸಬಹುದು. ಟೈಮರ್ ಮಾತ್ರ ಓಡುತ್ತಲೇ ಇರುತ್ತದೆ. ಸ್ಕ್ರೂಡ್ರೈವರ್ ಮುಟ್ಟುವಂತಿಲ್ಲ. ಒಂದೇ ಮೂಲೆಯ ತುಂಡು ತಿರುಗಿ ಕೂತು ಕ್ಯೂಬ್ ಬಗೆಹರಿಯದಂತಾದರೆ, ಬಿಚ್ಚದೆ ಅಲ್ಲೇ ಹೊರಳಿಸಿ ಸರಿಮಾಡಬಹುದು. ಅರ್ಧಕ್ಕೇ ನಿಲ್ಲಿಸಿದರೆ ಆ ಯತ್ನ ಡಿಎನ್ಎಫ್ (ಡಿಡ್ ನಾಟ್ ಫಿನಿಶ್), ಅಂದರೆ 'ಮುಗಿಸಿಲ್ಲ' ಎಂದೇ ಲೆಕ್ಕ.

ಟೈಮರೇ ಕೆಟ್ಟರೆ ಕಥೆ ಬೇರೆ. ಆಗ ಡೆಲಿಗೇಟ್, ಅಂದರೆ ಸ್ಪರ್ಧೆಯ ಉಸ್ತುವಾರಿ ನೋಡುವ ಸಂಸ್ಥೆಯ ಪ್ರತಿನಿಧಿ, ಹೊಸ ಅವಕಾಶ ಕೊಡಬಹುದು.

ಕಟ್ಟುನಿಟ್ಟು ಜಾಸ್ತಿ ಆಯ್ತು ಅನಿಸುತ್ತೆ, ಅಲ್ವಾ? ಆದರೆ ಸ್ಕ್ರೂ ಸಡಿಲ ಬಿಟ್ಟುಕೊಂಡು ಬಂದವರಿಗೆ ಸುಮ್ನೆ ಇನ್ನೊಂದು ಚಾನ್ಸ್ ಕೊಟ್ಟರೆ ಉಳಿದವರಿಗೆ ಅನ್ಯಾಯ. ಹೇಗೂ 5 ಯತ್ನಗಳ ಸರಾಸರಿಯಲ್ಲಿ ಅತಿ ಒಳ್ಳೆಯದನ್ನೂ ಅತಿ ಕೆಟ್ಟದ್ದನ್ನೂ ಬಿಡುತ್ತಾರೆ. ಒಂದು ಡಿಎನ್ಎಫ್ ಆದರೂ ಸರಾಸರಿ ಉಳಿಯುತ್ತದೆ.