ಮುಟ್ಟಬ್ಯಾಡ ಅಂದ ಪುಸ್ತಕ

ಹಾರರ್ ಕಥೆಗಳಲ್ಲಿ ಒಂದು ಪುಸ್ತಕ ಇದ್ದೇ ಇರುತ್ತದೆ. ದಪ್ಪಗೆ, ಹಳೇದು, ಚರ್ಮದ ರಟ್ಟು, ಒಳಗೆ ಯಾರಿಗೂ ತಿಳಿಯದ ಲಿಪಿ. ಓದಿದವನಿಗೆ ಹುಚ್ಚು ಹಿಡಿಯುತ್ತದೆ, ಇಲ್ಲಾ ಸಾಯುತ್ತಾನೆ, ಅದೂ ಇಲ್ಲ ಅಂದರೆ ತನ್ನ ಪಾಡಿಗೆ ಮಲಗಿದ್ದ ಯಾವುದೋ ಪಿಶಾಚಿಯನ್ನು ಎಬ್ಬಿಸಿ ಊರಿಗೆಲ್ಲ ಕಾಟ ತರುತ್ತಾನೆ. ಇದೆಲ್ಲ ಗೊತ್ತಿದ್ದೂ ಕಥೆಯೊಳಗಿನ ಹುಡುಗರು ಪುಸ್ತಕ ಕೈಗೆ ಸಿಕ್ಕ ಕೂಡಲೇ ಬಿಚ್ಚುತ್ತಾರೆ, ಅದೂ ಗಟ್ಟಿಯಾಗಿ ಓದುತ್ತಾರೆ. ನಮ್ಮಲ್ಲಿ ಪರೀಕ್ಷೆಯ ಹಿಂದಿನ ದಿನ ಗೋಗರೆದರೂ ಗಟ್ಟಿಯಾಗಿ ಓದದ ಹುಡುಗರಿದ್ದಾರೆ. ಇರಲಿ.

ಈ ಸಂತತಿಗೆಲ್ಲ ಹಿರೀಕ ಅಂದರೆ ನೆಕ್ರೋನೊಮಿಕಾನ್. ಅಮೆರಿಕದ ಹಾರರ್ ಕಥೆಗಾರ ಎಚ್. ಪಿ. ಲವ್‌ಕ್ರಾಫ್ಟ್ ಹುಟ್ಟಿಸಿದ ಪುಸ್ತಕ. ಆತ ಹುಟ್ಟಿದ್ದು 1890ರ ಆಗಸ್ಟ್‌ನಲ್ಲಿ. ಅದಕ್ಕೆ ಒಂದು ತಿಂಗಳ ಮುಂಚೆ ಇಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಶುರುವಾಗಿತ್ತು. ಎರಡಕ್ಕೂ ಏನೇನೂ ಸಂಬಂಧ ಇಲ್ಲ, ಸುಮ್ನೆ ಹೇಳಿದೆ. 1924ರಲ್ಲಿ ‘ವಿಯರ್ಡ್ ಟೇಲ್ಸ್’ ಅನ್ನುವ ಪತ್ರಿಕೆಯಲ್ಲಿ ಬಂದ ಕಥೆಯೊಂದರಲ್ಲಿ ಈ ಹೆಸರು ಮೊದಲು ಅಚ್ಚಾಯಿತು. ಮಜಾ ಏನೆಂದರೆ, ಆತ ಆ ಪುಸ್ತಕವನ್ನು ಬರೆಯಲೇ ಇಲ್ಲ. ಕಥೆಗಳಲ್ಲಿ ಅಲ್ಲೊಂದು ಇಲ್ಲೊಂದು ಸಾಲು, ಹೆಚ್ಚೆಂದರೆ ಒಂದು ಪ್ಯಾರಾ. ಪುಸ್ತಕ ಬರೆಯುವ ಬದಲು 1927ರಲ್ಲಿ ಕೂತು ಅದರ ಇತಿಹಾಸ ಬರೆದ!

ಆ ಇತಿಹಾಸ ಓದಬೇಕು ನೀವು. ಮೂಲ ಬರೆದವನು ಯೆಮನ್ ದೇಶದ ಸನಾ ಊರಿನ ಅಬ್ದುಲ್ ಅಲ್‌ಹಜ್ರೆಡ್ ಎಂಬ ಹುಚ್ಚು ಕವಿ. 738ರಲ್ಲಿ ಹಾಡುಹಗಲೇ, ಜನ ನೋಡನೋಡುತ್ತ, ಕಣ್ಣಿಗೆ ಕಾಣದ ಯಾವುದೋ ಪ್ರಾಣಿ ಅವನನ್ನು ತಿಂದುಹಾಕಿತು. 950ರಲ್ಲಿ ಗ್ರೀಕಿಗೆ ಅನುವಾದ. 1050ರಲ್ಲಿ ಸುಟ್ಟರು. 1228ರಲ್ಲಿ ಲ್ಯಾಟಿನ್‌ಗೆ ಬಂತು. 1232ರಲ್ಲಿ ಪೋಪ್ ಒಂಬತ್ತನೇ ಗ್ರೆಗರಿ ನಿಷೇಧಿಸಿದ. ಪೋಪ್ ನಿಜ, ನಿಷೇಧ ಸುಳ್ಳು. ಲ್ಯಾಟಿನ್‌ಗೆ ತಂದವನು ಅಂತ ಹೆಸರಿಸಿದ ಓಲಾಸ್ ವರ್ಮಿಯಸ್ ಕೂಡ ನಿಜವಾಗಿ ಇದ್ದವನೇ, ಡೆನ್ಮಾರ್ಕಿನ ವೈದ್ಯ. ಆದರೆ ಆತ ಹುಟ್ಟಿದ್ದು 1588ರಲ್ಲಿ! ಹುಟ್ಟುವುದಕ್ಕೆ ಮುನ್ನೂರ ಅರವತ್ತು ವರ್ಷ ಮೊದಲೇ ಪಾಪ ಅವನಿಂದ ಅನುವಾದ ಮಾಡಿಸಿಬಿಟ್ಟ. ಇನ್ನು ಉಳಿದ ಪ್ರತಿಗಳು ಎಲ್ಲೆಲ್ಲಿವೆ ಅಂದರೆ ಬ್ರಿಟಿಷ್ ಮ್ಯೂಸಿಯಂ, ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯ, ಹಾರ್ವರ್ಡ್‌ನ ವೈಡನರ್ ಲೈಬ್ರರಿ, ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯ. ಇವುಗಳ ನಡುವೆ ಮೆಲ್ಲಗೆ ಮಿಸ್ಕಟಾನಿಕ್ ಅನ್ನುವ ತಾನೇ ಕಟ್ಟಿದ ಯೂನಿವರ್ಸಿಟಿಯನ್ನೂ ತೂರಿಸಿದ್ದಾನೆ.

ನನಗೆ ಭಯ ಹುಟ್ಟಿಸೋದು ಇದೇ. ಮಂತ್ರ ಅಲ್ಲ, ವಿಳಾಸ. ‘ಎಲ್ಲೋ ಒಂದು ಘೋರ ಪುಸ್ತಕವಿದೆ’ ಅಂದರೆ ಮಗ್ಗಲು ಬದಲಿಸಿ ಮಲಗುತ್ತೇನೆ. ‘ಇಂಥ ಲೈಬ್ರರಿಯ ಬೀಗ ಹಾಕಿದ ಬೀರುವಿನಲ್ಲಿದೆ, ಹೊರಗೆ ಕೊಡುವುದಿಲ್ಲ’ ಅಂದರೆ ಎದ್ದು ಕೂರುತ್ತೇನೆ.

ಆತನ ಒಂದು ಕಥೆಯಲ್ಲಿ ಹಳ್ಳಿಯ ಆಸಾಮಿಯೊಬ್ಬ ಮಿಸ್ಕಟಾನಿಕ್ ಲೈಬ್ರರಿಗೆ ಬರುತ್ತಾನೆ. ಮನೆಯಲ್ಲಿ ಅವನ ಹತ್ತಿರ ಇದೇ ಪುಸ್ತಕದ ಇಂಗ್ಲಿಷ್ ಪ್ರತಿ ಇದೆ, ಆದರೆ ಹರಕು. 751ನೇ ಪುಟದಲ್ಲಿ ಇರಬೇಕಾದ, ಲೋಕಕ್ಕೇ ಕಂಟಕ ತರುವ ಮಂತ್ರ ಅದರಲ್ಲಿಲ್ಲ, ಲ್ಯಾಟಿನ್ ಪ್ರತಿ ನೋಡಿ ತುಂಬಿಕೊಳ್ಳಬೇಕು. ಮನೆಗೆ ಒಯ್ಯುತ್ತೇನೆ ಅಂತ ಕೇಳುತ್ತಾನೆ. ಲೈಬ್ರರಿಯನ್ ಆಗಲ್ಲ ಅನ್ನುತ್ತಾನೆ, ಅಷ್ಟಕ್ಕೇ ಬಿಡದೆ ಬೇರೆ ಲೈಬ್ರರಿಗಳಿಗೂ ಎಚ್ಚರಿಕೆ ಕೊಡುತ್ತಾನೆ. ಆಮೇಲೆ ಆಸಾಮಿ ರಾತ್ರಿ ಕದಿಯಲು ಬಂದು ಕಾವಲು ನಾಯಿಯ ಬಾಯಿಗೆ ಸಿಕ್ಕು ಸಾಯುತ್ತಾನೆ. ಲೋಕ ಉಳಿದದ್ದು ಕತ್ತಿಯಿಂದಲ್ಲ, ಪುಸ್ತಕ ಹೊರಗೆ ಕೊಡಲ್ಲ ಅನ್ನುವ ಒಂದು ನಿಯಮದಿಂದ! ಲೈಬ್ರರಿಯನ್‌ಗೆ ಇಷ್ಟು ಮರ್ಯಾದೆ ಕೊಟ್ಟ ಕಥೆ ನಾನು ಬೇರೆ ನೋಡಿಲ್ಲ. ಆ 751 ಅನ್ನುವ ಅಂಕಿ ನೋಡಿ. ಯಾವ ಪುಟ ಹರಿದಿದೆ ಅಂತ ಹೇಳಿಬಿಟ್ಟರೆ ಉಳಿದ 750 ಪುಟ ಇವೆ ಅಂತ ನಂಬಲೇಬೇಕಲ್ವಾ?

ಇದರ ಜೊತೆ ಗೆಳೆಯರ ಸಾಥ್ ಬೇರೆ. ಅದೇ ‘ವಿಯರ್ಡ್ ಟೇಲ್ಸ್’ ಪತ್ರಿಕೆಗೆ ಬರೆಯುತ್ತಿದ್ದ ರಾಬರ್ಟ್ ಹೊವರ್ಡ್, ರಾಬರ್ಟ್ ಬ್ಲಾಕ್ ಇವರೆಲ್ಲ ತಲಾ ಒಂದೊಂದು ಘೋರ ಪುಸ್ತಕ ಹುಟ್ಟಿಸಿದರು. ಇವನ ಕಥೆಯಲ್ಲಿ ಅವನ ಪುಸ್ತಕ, ಅವನ ಕಥೆಯಲ್ಲಿ ಇವನದು. ಒಬ್ಬರ ಸುಳ್ಳಿಗೆ ಇನ್ನೊಬ್ಬರ ಸಾಕ್ಷಿ. ನಮ್ಮ ಕಡೆ ದೆವ್ವ ನೋಡಿದವರು ಯಾವಾಗಲೂ ಪಕ್ಕದ ಊರಿನವರೇ ಆಗಿರುತ್ತಾರೆ, ಪಕ್ಕದ ಊರಿಗೆ ಹೋಗಿ ಕೇಳಿದರೆ ನಿಮ್ಮ ಊರಿನವರೇ ನೋಡಿದ್ದು ಅನ್ನುತ್ತಾರೆ. ಹಾಗೆ ನಡೆಯಿತು ವ್ಯವಹಾರ. ಓದುಗರು ನಂಬಿಯೇ ಬಿಟ್ಟರು, ಎಲ್ಲಿ ಸಿಗುತ್ತದೆ ಅಂತ ಕೇಳತೊಡಗಿದರು. ಲವ್‌ಕ್ರಾಫ್ಟ್ ಪ್ರಾಮಾಣಿಕ, ಅದು ನಾನೇ ಕಟ್ಟಿದ್ದು ಅಂತ ಕಾಗದ ಬರೆದು ಹೇಳುತ್ತಿದ್ದ. ಆತ ಹೋದ ಮೇಲೆ ಅಮೆರಿಕದ ಕಿಡಿಗೇಡಿಗಳು ಲೈಬ್ರರಿಗಳ ಕಾರ್ಡು ಡ್ರಾಯರಿನಲ್ಲಿ ನೆಕ್ರೋನೊಮಿಕಾನ್ ಅಂತ ಟೈಪ್ ಮಾಡಿದ ಕಾರ್ಡು ಸೇರಿಸಿ ಬರುತ್ತಿದ್ದರು. ಹಳೇ ಲೈಬ್ರರಿಗಳ ಆ ಮರದ ಡ್ರಾಯರು ಎಳೆದು, ಅಂಚು ಮಾಸಿದ ಕಾರ್ಡುಗಳನ್ನು ಒಂದೊಂದಾಗಿ ಹಿಂದಕ್ಕೆ ತಳ್ಳುತ್ತ ಹೋದವರಿಗೆ ಆ ಕಿಡಿಗೇಡಿತನದ ರುಚಿ ಗೊತ್ತಾಗುತ್ತದೆ. ಕಾರ್ಡಿನಲ್ಲಿ ಇದ್ದದ್ದು ಕಪಾಟಿನಲ್ಲಿ ಇಲ್ಲ ಅಂದರೆ ನಮ್ಮ ಅನುಮಾನ ಯಾವತ್ತೂ ಕಾರ್ಡಿನ ಮೇಲೆ ಹೋಗುವುದಿಲ್ಲ, ಯಾರೋ ಹೊಡೆದುಕೊಂಡು ಹೋಗಿದ್ದಾರೆ ಅಂತಲೇ ಅಂದುಕೊಳ್ಳುತ್ತೇವೆ.

ಹಾಗಾದರೆ ನಮ್ಮಲ್ಲಿ ಓದಬಾರದ ಪುಸ್ತಕ ಇಲ್ಲವಾ? ಇದೆ. ಗದಗಿನಲ್ಲಿ ನಮ್ಮ ಆಯಿಯ ಮನೆಯ ನಾಗೊಂದಿಗೆ ಮೇಲೆ, ಉಪ್ಪಿನಕಾಯಿ ಭರಣಿಗಳ ಹಿಂದೆ, ಕೆಂಪು ಅರಿವೆಯಲ್ಲಿ ಸುತ್ತಿದ ಒಂದು ಗಂಟು ಇತ್ತು. ಗರುಡ ಪುರಾಣ. ಅಜ್ಜ ತೀರಿಕೊಂಡಾಗ ಓದಿಸಲು ತಂದದ್ದಂತೆ. ಮುಟ್ಟಲು ಹೋದರೆ ಆಯಿ ಅಡಿಗೆ ಮನೆಯಿಂದಲೇ ಕೂಗುತ್ತಿದ್ದಳು. ‘ಏ ತಮ್ಮಾ, ಅದನ್ನ ಮುಟ್ಟಬ್ಯಾಡ. ಮನ್ಯಾಗ ಯಾರರೆ ಸತ್ತಾಗಷ್ಟ ಓದೂದದು.’ ‘ಈಗ ಓದಿದ್ರ ಏನಾಗ್ತದ ಆಯಿ?’ ಅಂದರೆ ಉತ್ತರ ಇಲ್ಲ. ಕೊನೆಗೂ ಆಯಿ ಹೇಳಲಿಲ್ಲ. ನಾಲ್ಕು ಮಾತು ಹೇಳಿದ್ದರೆ ನನ್ನ ಭಯ ಅಲ್ಲಿಗೇ ಮುಗಿದು ಹೋಗುತ್ತಿತ್ತು.

ಮಹಾಭಾರತದ ಮೇಲೂ ಇಂಥದೇ ಆರೋಪ. ಪೂರ್ತಿ ಮನೆಯಲ್ಲಿ ಇಟ್ಟರೆ, ಓದಿದರೆ, ಅಣ್ಣತಮ್ಮಂದಿರು ಬಡಿದಾಡುತ್ತಾರೆ ಅನ್ನುವವರಿದ್ದಾರೆ. ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದ ಊರಿನಲ್ಲೇ ಈ ಮಾತು ಕೇಳಿದ್ದೇನೆ. ಆದರೆ ಅದೇ ಭಾರತದ ವಿರಾಟಪರ್ವ ಓದಿಸಿದರೆ ಮಳೆ ಬರುತ್ತದೆ ಅಂತಲೂ ನಂಬಿಕೆ. ಮೋಡವನ್ನು ಕರೆಯುವ ಪುಸ್ತಕ! ಹಾಲಿವುಡ್ಡಿನವರ ಕೈಗೆ ಸಿಕ್ಕಿದ್ದರೆ ಇದಕ್ಕೆ ಕಬ್ಬಿಣದ ಕೀಲು ಹಚ್ಚಿ, ಮೇಲೊಂದು ತಲೆಬುರುಡೆ ಕೂಡಿಸುತ್ತಿದ್ದರು. ನಾವು ಮಳೆ ಹೋಯಿತು ಅಂದಾಗ ಗುಡಿಯಲ್ಲಿ ಓದಿಸಿ, ಚಹಾ ಕುಡಿದು, ಮುಗಿಲು ನೋಡುತ್ತ ಮನೆಗೆ ಹೋಗುತ್ತೇವೆ.

ಕಾಮಿಕ್ಸ್‌ನಲ್ಲೂ ಇಂಥದೇ ಒಂದು ಘೋರ ಪುಸ್ತಕ ಇದೆ, ಡಾರ್ಕ್‌ಹೋಲ್ಡ್ ಅಂತ. ಮಾರ್ವೆಲ್‌ನವರದು, 1972ರಲ್ಲಿ ಮೊದಲು ಬಂತು. ಕ್ಥಾನ್ ಎಂಬ ಆದಿಕಾಲದ ದೇವತೆ ಬರೆದದ್ದು. ರಕ್ತಪಿಶಾಚಿಗಳು ಹುಟ್ಟಿದ್ದೂ ಅದರಿಂದಲೇ, ಅವನ್ನೆಲ್ಲ ಒಮ್ಮೆಗೇ ಅಳಿಸುವ ಮಂತ್ರ ಇರುವುದೂ ಅದರಲ್ಲೇ. 2022ರ ಸಿನಿಮಾದಲ್ಲಿ ಪುಸ್ತಕ ನಾಶವಾದ ಮೇಲೆ ಗೊತ್ತಾಗುತ್ತದೆ, ಅದು ಬರೀ ನಕಲು, ಮೂಲ ಬೆಟ್ಟದೊಳಗೆ ಕಲ್ಲಿನ ಗೋಡೆಯ ಮೇಲೆ ಕೊರೆದಿದೆ ಅಂತ. ಅದನ್ನು ನೋಡಿ ನನಗೆ ನಗು ಬಂತು. ಕಲ್ಲಿನ ಮೇಲೆ ಕೊರೆದ ಶಾಪ ನಮಗೆ ಹೊಸದಾ? ಗದಗ ಸೀಮೆಯ ಹಳೇ ಗುಡಿಗಳಿಗೆ ಹೋಗಿ ದಾನ ಶಾಸನಗಳ ಕೊನೆಯ ಸಾಲು ಯಾರಿಂದಾದರೂ ಓದಿಸಿ ನೋಡಿ. ಈ ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳವಾಗಿ ಹುಟ್ಟುತ್ತಾನೆ. ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪ ತಟ್ಟುತ್ತದೆ. ಕ್ಥಾನ್‌ನ ತಲೆಗೂ ಇದು ಹೊಳೆದಿರಲಿಕ್ಕಿಲ್ಲ. ಆದರೆ ಶಾಪ ಯಾತಕ್ಕೆ ನೋಡಿ. ಲೋಕ ಮುಳುಗಿಸಲು ಅಲ್ಲ, ಗುಡಿಯ ಹೊಲ ಯಾರೂ ಒತ್ತಬಾರದು ಅಂತ. ತಹಶೀಲ್ದಾರ್ ಕಚೇರಿ ಇಲ್ಲದ ಕಾಲದಲ್ಲಿ ಹುಳವೇ ಹೊಲದ ಉತಾರ.

ಓಲೆಗರಿ ಪ್ರತಿ ಮಾಡುತ್ತಿದ್ದವರೂ ಕೊನೆಯಲ್ಲಿ ಒಂದು ಶ್ಲೋಕ ಬರೆಯುವ ರೂಢಿ ಇತ್ತು. ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಮಾತ್ರ ಕೊಡಬೇಡ, ಹೀಗೆಂದು ಪುಸ್ತಕ ಹೇಳುತ್ತದೆ. ಆ ಕಡೆಯ ಪುಸ್ತಕಗಳು ಓದುಗನನ್ನು ತಿನ್ನುತ್ತವೆ, ಈ ಪುಸ್ತಕ ಓದುಗನಿಗೆ ಹೆದರುತ್ತದೆ. ಯಾರಿಗೋ ಓದಲು ಕೊಟ್ಟು, ಎರಡು ವರ್ಷದ ಮೇಲೆ ಚಟ್ನಿ ಪುಡಿ ಎಣ್ಣೆಯ ಕಲೆ ಸಮೇತ ವಾಪಸ್ ಪಡೆದವರಿಗೆ ಈ ಶ್ಲೋಕ ಬರೆದವನ ಕಷ್ಟ ಅರ್ಥವಾಗುತ್ತದೆ.

ನೆಕ್ರೋನೊಮಿಕಾನ್ ಬರೆದೇ ಬಿಡುತ್ತೇವೆ ಅಂತ ಹೊರಟವರೂ ಇದ್ದಾರೆ. 1936ರಲ್ಲಿ ಇಬ್ಬರು ಹುಡುಗರು ಇದರ ಮಾತೆತ್ತಿದಾಗ ಲವ್‌ಕ್ರಾಫ್ಟ್, ಯಾರಾದರೂ ನಿಜಕ್ಕೂ ಬರೆದರೆ ಹೆದರಿ ಕೂತವರಿಗೆಲ್ಲ ನಿರಾಸೆ ಆಗುತ್ತದೆ ಅಂತ ಬರೆದಿದ್ದ. ಕೇಳಲಿಲ್ಲ. 1977ರಲ್ಲಿ ‘ಸೈಮನ್’ ಎಂಬ ಹೆಸರಿನಲ್ಲಿ ಒಂದು ಬಂತು, ಚರ್ಮದ ರಟ್ಟು, 666 ಪ್ರತಿ. 1980ರಲ್ಲಿ ಅದರದೇ ಅಗ್ಗದ ಪೇಪರ್‌ಬ್ಯಾಕ್ ಬಂತು. ಪೇಪರ್‌ಬ್ಯಾಕ್ ಬಂದ ಮೇಲೆ ಎಂಥಾ ಪಿಶಾಚಿಯ ಗತ್ತೂ ಉಳಿಯುವುದಿಲ್ಲ.

ಹುಬ್ಬಳ್ಳಿಯಲ್ಲಿ ಹಳೇ ಪುಸ್ತಕ ಮಾರುವ ಕಾಕಾ ಒಬ್ಬರಿದ್ದಾರೆ. ಅವರ ಹತ್ತಿರ ವಶೀಕರಣ, ಮಾಟ ಬಿಡಿಸುವುದು ಅಂತೆಲ್ಲ ಮುಖಪುಟ ಇರುವ ತೆಳ್ಳನೆ ಪುಸ್ತಕಗಳು ಪಿಯುಸಿ ಗೈಡುಗಳ ಪಕ್ಕದಲ್ಲೇ ಕೂತಿರುತ್ತವೆ, ಅರ್ಧ ರೇಟು. ಮೊನ್ನೆ ತಡೆಯದೆ ಕೇಳಿದೆ. ‘ಕಾಕಾ, ನೆಕ್ರೋನೊಮಿಕಾನ್ ಸಿಗ್ತದೇನ್ರಿ?’

ಅವರು ಕನ್ನಡಕ ಹಣೆಗೇರಿಸಿ, ‘ಯಾವ ಸೆಮಿಸ್ಟರಿಗೆ ಬರ್ತದಪಾ?’ ಅಂದರು. ಸಿಲೇಬಸ್ಸಿನ ಹೊರಗಿಂದು ಅಂದೆ. ‘ಹಂಗಾರ ತರಿಸಬೇಕಾಗ್ತದ. ಅಡ್ವಾನ್ಸ್ ಇಟ್ಟು ಹೋಗು, ಬರಲಿಲ್ಲಂದ್ರ ಅದ ರೊಕ್ಕದಾಗ ಬ್ಯಾರೆ ಏನರೆ ಒಯ್ಯುವಂತಿ.’