ಗೊಬ್ಬರದ ಗೋಡೌನಿಗೆ ಇಆರ್‌ಪಿ ಬಂತು

ಕೊಡಗಿನ ಬೆಳೆಗಾರನಿಗೆ ಸಾಲ ಬೇಕಾದರೂ ಸೊಸೈಟಿ, ಗೊಬ್ಬರ ಬೇಕಾದರೂ ಸೊಸೈಟಿ. ಒಡವೆ ಅಡ ಇಡಲೂ ಅದೇ, ಮೆಣಸಿಗೆ ರೇಟು ಬರುವವರೆಗೆ ಮೂಟೆ ಇಟ್ಟು ಒಂದಿಷ್ಟು ದುಡ್ಡು ಎತ್ತಲೂ ಅದೇ. ಇಷ್ಟು ವರ್ಷ ಇದರ ಲೆಕ್ಕವೆಲ್ಲ ಅರ್ಧ ಲೆಡ್ಜರಿನಲ್ಲಿ, ಅರ್ಧ ಗುಮಾಸ್ತರ ತಲೆಯಲ್ಲಿ ಇತ್ತು. ಆಡಳಿತ ಮಂಡಳಿಗೆ ಇದು ಸರಿಬರಲಿಲ್ಲ. ಗುಮಾಸ್ತರಿಗೆ ಎಲ್ಲ ಗೊತ್ತು, ನಮಗೆ ಏನೂ ಗೊತ್ತಿಲ್ಲ ಅಂದರೆ ಮರ್ಯಾದೆಯ ಪ್ರಶ್ನೆ. ಹಾಗಾಗಿ ಇಆರ್‌ಪಿ ಎಂಬ ಸಾಫ್ಟ್‌ವೇರ್ ತಂದರು. ಈಗ ಯಾರಿಗೂ ಏನೂ ಗೊತ್ತಿಲ್ಲ. ಸಹಕಾರ ತತ್ವ ಅಂದರೆ ಇದೇ ಅಲ್ವಾ?

ಯಾವ ಸಂಘ ಎಂದು ಕೇಳಬೇಡಿ. ದಕ್ಷಿಣ ಕೊಡಗಿನ ಕಡೆಯದು ಅಂತ ಇಟ್ಟುಕೊಳ್ಳಿ. ಉತ್ತರದವರು ಸುಮ್ನೆ ನಗಬೇಡಿ, ನಿಮ್ಮ ಸರದಿಯೂ ಬರುತ್ತದೆ.

ಇಆರ್‌ಪಿ ಅಂದರೆ ಎಂಟರ್‌ಪ್ರೈಸ್ ರಿಸೋರ್ಸ್ ಪ್ಲಾನಿಂಗ್. ಹೆಸರಿಗೆ ಹೆದರಬೇಕಾಗಿಲ್ಲ. ಖರೀದಿ, ದಾಸ್ತಾನು, ಮಾರಾಟ, ಸಂಬಳ, ಲೆಕ್ಕಪತ್ರ ಎಲ್ಲ ಒಂದೇ ಡೇಟಾಬೇಸಿನಲ್ಲಿ ಇರಬೇಕು, ಅಷ್ಟೇ ಅದರ ತಿರುಳು. ಗೋಡೌನಿನಿಂದ ಒಂದು ಮೂಟೆ ಹೋದರೆ ದಾಸ್ತಾನು ತಾನಾಗಿ ಇಳಿಯಬೇಕು, ಸದಸ್ಯರ ಖಾತೆಯಲ್ಲಿ ಬಾಕಿ ತಾನಾಗಿ ಏರಬೇಕು. ಒಂದೇ ಸಲ ಬರೆದರೆ ಸಾಕು. 1960ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳು ಯಾವ ಬಿಡಿಭಾಗ ಯಾವಾಗ ಎಷ್ಟು ಬೇಕು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕತೊಡಗಿದಾಗ ಇದರ ಬೀಜ ಬಿತ್ತು. 1972ರಲ್ಲಿ ಐಬಿಎಂ ಬಿಟ್ಟು ಬಂದ ಐದು ಜನ ಜರ್ಮನಿಯಲ್ಲಿ ಇಂಥ ಸಾಫ್ಟ್‌ವೇರ್ ಮಾಡುವ ಸ್ಯಾಪ್ ಕಂಪನಿ ಕಟ್ಟಿದರು. 1990ರಲ್ಲಿ ಗಾರ್ಟ್ನರ್ ಎಂಬ ಸಂಶೋಧನಾ ಸಂಸ್ಥೆ ಇದಕ್ಕೆ ಇಆರ್‌ಪಿ ಅಂತ ಹೆಸರಿಟ್ಟಿತು. ಕೇಂದ್ರ ಸರ್ಕಾರವೂ 2022ರ ಜೂನ್‌ನಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಸಾಫ್ಟ್‌ವೇರಿಗೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಮ್ಮ ಮಂಡಳಿಗೆ ಮಾತ್ರ ಸರ್ಕಾರದ್ದು ಬರುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಅಷ್ಟರೊಳಗೆ ಪಕ್ಕದ ಸಂಘದವರು ಸ್ವಂತದ್ದು ಹಾಕಿಸಿಬಿಟ್ಟರೆ?

ಬೆಂಗಳೂರಿನಿಂದ ಕನ್ಸಲ್ಟೆಂಟ್ ಬಂದರು. ಪಾಪ, ಒಳ್ಳೆ ಹುಡುಗ. "ಸರ್, ಈಗ ನೀವು ಹೇಗೆ ಕೆಲಸ ಮಾಡ್ತೀರಿ, ಅದನ್ನು ಹೇಳಿ, ಬರೆದುಕೊಳ್ತೀನಿ" ಅಂದರು. ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಕೇಳಿದ್ದು ಮಹಡಿ ಮೇಲಿನ ಸಭಾಂಗಣದಲ್ಲಿ ಕೂತ ನಿರ್ದೇಶಕರನ್ನು. ಕೆಲಸ ನಡೆಯುವುದು ಕೆಳಗಿನ ಕೌಂಟರಿನಲ್ಲಿ. ಗುಮಾಸ್ತರನ್ನು ಮೇಲೆ ಕರೆದದ್ದು ಒಂದೇ ಸಲ, ಕಾಫಿ ಸಾಲದಾಗ.

ಅಳತೆಯ ಪಟ್ಟಿ ಬಂತು. "ಒಂದು ಮೂಟೆ ಎಷ್ಟು ಕೆಜಿ ಸರ್?"

"ಐವತ್ತು," ಅಂದರು ಹಿರಿಯ ನಿರ್ದೇಶಕರು. "ನಮ್ಮಪ್ಪನ ಕಾಲದಿಂದ ಐವತ್ತು."

ಕಾಫಿ ಚೆರ್ರಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿಗೆ, ಈ ಮಾತು ಸರಿ. ಆದರೆ ಯೂರಿಯಾ ಮೂಟೆ 2018ರಿಂದ 45 ಕೆಜಿ. ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಅದನ್ನು ಓದಬೇಕಾದರೆ ಗೋಡೌನಿಗೆ ಇಳಿಯಬೇಕು, ಅಲ್ಲಿ ಗೊಬ್ಬರದ ವಾಸನೆ. ಹುಡುಗ 50 ಅಂತ ತುಂಬಿದರು. ಮಾಸ್ಟರ್ ಡೇಟಾ, ಅಂದರೆ ಮುಂದಿನ ಲೆಕ್ಕಕ್ಕೆಲ್ಲ ಆಧಾರವಾಗುವ ಪಟ್ಟಿ, ಅಂತೂ ಆಯಿತು. ಈ ಐದು ಕೆಜಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಕಾಫಿಯದ್ದೂ ಸುಲಭವಾಗಿ ಮುಗಿಯಲಿಲ್ಲ. 50 ಕೆಜಿಯ ಒಂದು ಮೂಟೆ ರೋಬಸ್ಟಾ ಚೆರ್ರಿ ಕುಟ್ಟಿದರೆ 28 ಕೆಜಿ ಬೀಜ ಬಂದರೆ ಒಂದು ಬೆಲೆ, 25 ಬಂದರೆ ಬೇರೆ ಬೆಲೆ. ಔಟ್‌ಟರ್ನ್, ಅಂದರೆ ಮೂಟೆಗೆ ಎಷ್ಟು ಬೀಜ ಅನ್ನುವುದನ್ನು, ನೋಡದೆ ಕೊಡಗಿನಲ್ಲಿ ಯಾರೂ ಮೂಟೆಗೆ ಕೈ ಹಾಕುವುದಿಲ್ಲ. ಸಾಫ್ಟ್‌ವೇರಿನಲ್ಲಿ ಇದ್ದದ್ದು ಎರಡೇ ಕಲಂ: ಎಷ್ಟು, ರೇಟೆಷ್ಟು. ಹಾಗಾಗಿ ದಾಸ್ತಾನು ಸಾಲದಲ್ಲಿ ಜೊಳ್ಳು ಕಾಫಿಯೂ ಗಟ್ಟಿ ಕಾಫಿಯೂ ಅಕ್ಕಪಕ್ಕ ಕೂತು ಸಮಾನ ಗೌರವ ಪಡೆದವು. ಜೊಳ್ಳು ಇದ್ದವರು ಇಆರ್‌ಪಿಯನ್ನು ಮನಸಾರೆ ಹೊಗಳಿದರು.

ಆಮೇಲೆ ಸದಸ್ಯರ ಹೆಸರು. ಇಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಸಾಫ್ಟ್‌ವೇರಿಗೆ ಮೊದಲು ಬಂದದ್ದೇ ಹೆಸರು. ಸಾಲದ ಕಂತು ಬಾಕಿ ಇದ್ದವರಿಗೆ ಎಸ್ಸೆಮ್ಮೆಸ್ ಹೋಯಿತು. ಮನೆತನದ ಹೆಸರು ಹಾಕಿ, "ಪ್ರಿಯ ಸದಸ್ಯರೇ, ನಿಮ್ಮ ಕಂತು ಬಾಕಿ ಇದೆ" ಅಂತ. ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಇರುವವರಿಗೆಲ್ಲ ಅದೇ ಹೆಸರು. ಹುಡುಕಿದರೆ ಎಲ್ಲರೂ ಒಟ್ಟಿಗೆ ಬರುತ್ತಾರೆ, ಕಳಿಸಿದರೆ ಎಲ್ಲರಿಗೂ ಹೋಗುತ್ತದೆ. ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಕಾರಣರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ವರ್ಷಕ್ಕೊಮ್ಮೆ ಎಡೆ ಇಡಲು ಸೇರುವ ಜನ ಈ ಸಲ ಸಾಲ ಮಾಡಿದವರು ಯಾರು ಅಂತ ಪತ್ತೆ ಹಚ್ಚಲು ಸೇರಿದರು. ಸಾಲ ಮಾಡಿದ ಪುಣ್ಯಾತ್ಮರೂ ಅಲ್ಲೇ ಕೂತು ಜೋರಾಗಿಯೇ ಹುಡುಕಿದರಂತೆ.

ತರಬೇತಿ ಮಡಿಕೇರಿಯ ಹೋಟೆಲಿನಲ್ಲಿ ಆಯಿತು. ಹೋದದ್ದು ನಿರ್ದೇಶಕರು. ಗುಮಾಸ್ತರಿಗೆ ಬರಲಾಗಲಿಲ್ಲ, ಯಾಕೆಂದರೆ ಕೌಂಟರ್ ನೋಡಿಕೊಳ್ಳುವವರು ಬೇಡವೇ? ಊಟ ಚೆನ್ನಾಗಿತ್ತು, ಪಂದಿಕರಿಗೆ ಎರಡನೇ ಸಲವೂ ಕರೆದು ಬಡಿಸಿದರು ಅಂತ ಎಲ್ಲರ ವರದಿ. ಸಾಫ್ಟ್‌ವೇರ್ ಬಗ್ಗೆ ವರದಿ ಇಲ್ಲ. "ಬಳಕೆದಾರರು ಪರೀಕ್ಷಿಸಿ ಒಪ್ಪಿದ್ದಾರೆ" ಅನ್ನುವ ಹಾಳೆಗೆ ಸಹಿಯೂ ಅಲ್ಲೇ ಬಿತ್ತು, ಬೀಡಾ ಬರುವ ಹೊತ್ತಿಗೆ.

ಇನ್ನು ಶುರು ಮಾಡುವ ದಿನ. ಲೆಕ್ಕ ತಿಳಿದವರು ಏಪ್ರಿಲ್ ಒಂದು ಅನ್ನುತ್ತಾರೆ. ಹೊಸ ಹಣಕಾಸು ವರ್ಷ, ಹಳೇ ಬಾಕಿ ತಂದು ಕೂರಿಸಲು ಸುಲಭ. ಆದರೆ ಉದ್ಘಾಟಿಸುವ ಗಣ್ಯರಿಗೆ ಜೂನ್‌ನಲ್ಲಿ ಬಿಡುವು. ಜೂನ್ ಅಂದರೆ ಗೊಬ್ಬರಕ್ಕೆ ಸಾಲು ನಿಲ್ಲುವ ಕಾಲ. ಮಳೆ ಶುರು, ಕರೆಂಟ್ ಬಂದರೆ ಬಂತು, ನೆಟ್‌ವರ್ಕ್ ಅದಕ್ಕಿಂತ ದೊಡ್ಡ ಮನುಷ್ಯ. ಇಂಥ ಸಾಹಸ ಮಾಡಿದ್ದು ನಾವೇ ಮೊದಲು ಅಂತ ಬೀಗುವ ಹಾಗೂ ಇಲ್ಲ. 1999ರ ಜುಲೈನಲ್ಲಿ ಅಮೆರಿಕದ ಹರ್ಷೀಸ್ ಚಾಕೊಲೇಟ್ ಕಂಪನಿ 11.2 ಕೋಟಿ ಡಾಲರಿನ ಹೊಸ ವ್ಯವಸ್ಥೆ ಶುರು ಮಾಡಿತು, ಸರಿಯಾಗಿ ಹ್ಯಾಲೋವೀನ್ ಹಬ್ಬದ ಆರ್ಡರ್ ಬರುವ ಹೊತ್ತಿಗೆ. ಗೋಡೌನಿನಲ್ಲಿ ಮಾಲು ಇತ್ತು, ಅಂಗಡಿಗೆ ಕಳಿಸಲು ಆಗಲಿಲ್ಲ. 10 ಕೋಟಿ ಡಾಲರಿನಷ್ಟು ಆರ್ಡರ್ ಪೂರೈಸಲಾಗದೆ ಹೋಯಿತು. ಅವರ ಗೋಡೌನಿನಲ್ಲಿ ಮಾಲಾದರೂ ಇತ್ತು.

ಮಂಡಳಿಯವರಿಗೆ ಸಾಫ್ಟ್‌ವೇರಿನ ಮೇಲೆ ಒಂದೇ ತಕರಾರು. ಹಳೇ ಸಾಲ ಕಟ್ಟದವರಿಗೆ ಅದು ಹೊಸ ಸಾಲ ಕೊಡಲು ಒಪ್ಪುತ್ತಿರಲಿಲ್ಲ. ಎಂಥ ಹಟಮಾರಿ ನೋಡಿ. ಬದಲಾವಣೆಗೆ ದುಡ್ಡು ಕೊಟ್ಟು "ವಿಶೇಷ ಪ್ರಕರಣ" ಅಂತ ಒಂದು ಬಟನ್ ಹಾಕಿಸಿದರು. ಈಗ ಕೀಬೋರ್ಡ್ ಸವೆದರೂ ಮೌಸ್ ಸವೆದರೂ ಆ ಬಟನ್ನಿನಿಂದಲೇ. ಜರ್ಮನಿಯ ಲಿಡ್ಲ್ ಎಂಬ ಅಂಗಡಿ ಸರಪಳಿಯೂ ಹೀಗೇ ತನ್ನ ಅಭ್ಯಾಸ ಬಿಡಲೊಲ್ಲದೆ ಕೂತಿತ್ತು. ಅವರು ದಾಸ್ತಾನನ್ನು ಖರೀದಿ ಬೆಲೆಗೆ ಲೆಕ್ಕ ಹಿಡಿಯುವವರು, ಸ್ಯಾಪ್ ಮಾರಾಟದ ಬೆಲೆಗೆ. ತಾವು ಬದಲಾಗಲಿಲ್ಲ, ಸಾಫ್ಟ್‌ವೇರನ್ನೇ ಏಳು ವರ್ಷ ತಿರುಚಿದರು. ಸುಮಾರು 50 ಕೋಟಿ ಯೂರೋ ಖರ್ಚಾಯಿತು ಎಂದು ಪತ್ರಿಕೆಗಳು ಬರೆದವು. 2018ರಲ್ಲಿ ಕೈಬಿಟ್ಟರು. ಅವರಿಗೆ ಕೈಬಿಡುವ ಧೈರ್ಯ ಇತ್ತು. ನಮ್ಮಲ್ಲಿ ಉದ್ಘಾಟನೆಯ ಕಲ್ಲು ಗೋಡೆಗೆ ಕೂತಾಗಿದೆ.

ನನಗೆ ಅತಿ ಇಷ್ಟವಾದದ್ದು ಮೇಕರ್, ಚೆಕರ್ ವ್ಯವಸ್ಥೆ. ಒಬ್ಬರು ನಮೂದಿಸಬೇಕು, ಇನ್ನೊಬ್ಬರು ಪರಿಶೀಲಿಸಿ ಒಪ್ಪಬೇಕು. ಹಣದ ವ್ಯವಹಾರದಲ್ಲಿ ಬಹಳ ಒಳ್ಳೆಯ ನಿಯಮ, ತಮಾಷೆಯಲ್ಲ. ನಮ್ಮಲ್ಲಿ ಚೆಕರ್ ಅಂದರೆ ಕಾರ್ಯದರ್ಶಿ. ಅವರು ಸದಾ ಮೀಟಿಂಗಿನಲ್ಲಿ, ಪಾಸ್‌ವರ್ಡ್ ಮಾತ್ರ ಸದಾ ಕಚೇರಿಯಲ್ಲಿ, ಕ್ಯಾಲೆಂಡರಿನ ಹಿಂಬದಿ ಪೆನ್ಸಿಲಿನಲ್ಲಿ. ಗುಮಾಸ್ತರು ಎಡಗಡೆಯ ಕುರ್ಚಿಯಲ್ಲಿ ಕೂತು ಬಿಲ್ ನಮೂದಿಸುತ್ತಾರೆ. ಲಾಗೌಟ್ ಆಗುತ್ತಾರೆ. ಎದ್ದು ಬಲಗಡೆಯ ಕುರ್ಚಿಗೆ ಹೋಗುತ್ತಾರೆ, ಕನ್ನಡಕ ಸರಿಮಾಡಿಕೊಳ್ಳುತ್ತಾರೆ, ಕಾರ್ಯದರ್ಶಿಯಾಗಿ ಲಾಗಿನ್ ಆಗಿ ತಾನೇ ಬರೆದದ್ದನ್ನು ಗಂಭೀರವಾಗಿ ಓದಿ ಒಪ್ಪಿಗೆ ಕೊಡುತ್ತಾರೆ.

"ಕುರ್ಚಿ ಯಾಕೆ ಬದಲಿಸ್ತೀರಿ ಅಣ್ಣ, ಅಲ್ಲೇ ಕೂತು ಮಾಡಬಹುದಲ್ಲ?" ಅಂದೆ.

"ನಿಯಮ ನಿಯಮವೇ ಅಲ್ವಾ?" ಅಂದರು.

ಇಡೀ ಸಂಘದಲ್ಲಿ ಆಂತರಿಕ ನಿಯಂತ್ರಣ ಅನ್ನುವುದನ್ನು ಅರ್ಥ ಮಾಡಿಕೊಂಡವರು ಅವರೊಬ್ಬರೇ ಅಂತ ನನ್ನ ಅಭಿಪ್ರಾಯ.

"ಒಂದೇ ಸಲ ಬರೆದರೆ ಸಾಕು" ಅಂದಿದ್ದರಲ್ಲ? ಈಗ ಒಂದು ಮೂಟೆ ಯೂರಿಯಾ ಕೊಡಬೇಕಾದರೆ ಮೊದಲು ಸರ್ಕಾರದ ಪಿಒಎಸ್ ಯಂತ್ರದಲ್ಲಿ ಆಧಾರ್ ನಂಬರ್ ಹೊಡೆದು ಬೆಳೆಗಾರರ ಬೆರಳು ಒತ್ತಿಸಬೇಕು. ತೋಟದಲ್ಲಿ ದುಡಿದ ಬೆರಳು, ಅಷ್ಟು ಸುಲಭಕ್ಕೆ ಯಂತ್ರ ಗುರುತು ಹಿಡಿಯುವುದಿಲ್ಲ. ಅದಾದ ಮೇಲೆ ಇಆರ್‌ಪಿ. ಕರೆಂಟ್ ಹೋಗುತ್ತದೆ ಅಂತ ಜೊತೆಗೆ ಪುಸ್ತಕ. ಪುಸ್ತಕದಿಂದ ಇಆರ್‌ಪಿಗೆ ಏರಿಸಿದ್ದಕ್ಕೆ ಟಿಕ್ ಹಾಕಲು ಇನ್ನೊಂದು ಪುಸ್ತಕ. ಕಾಗದರಹಿತ ಕಚೇರಿಗೆ ಸ್ಟೇಷನರಿ ಖರ್ಚು ಏರಿದೆ.

ಅಧ್ಯಕ್ಷರ ಕೋಣೆಯಲ್ಲಿ ದೊಡ್ಡ ಟಿವಿ ಇದೆ, ಸಂಘದ ಲೆಕ್ಕವೆಲ್ಲ ಒಂದೇ ಪರದೆಯಲ್ಲಿ ತೋರಿಸುವ ಡ್ಯಾಶ್‌ಬೋರ್ಡ್ ನೋಡಲು ತಂದದ್ದು. ಕೊಡವ ಮನೆತನಗಳ ಹಾಕಿ ಹಬ್ಬ ಬಂದಾಗ ಅದರಲ್ಲಿ ಮ್ಯಾಚ್ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಅದೊಂದು ಖರೀದಿ ದಂಡವಾಗಲಿಲ್ಲ.

ಈಗ ಆ ಐದು ಕೆಜಿಗೆ ಬರೋಣ. ಲಾರಿಯಲ್ಲಿ 300 ಮೂಟೆ ಯೂರಿಯಾ ಬಂತು. ಬರುವಾಗ ಮೂಟೆಯ ಲೆಕ್ಕ, ಹಾಗಾಗಿ ಸಿಸ್ಟಮ್‌ನಲ್ಲಿ 15,000 ಕೆಜಿ. ಹೋಗುವಾಗ ಕೆಜಿಯ ಲೆಕ್ಕ, ಮೂಟೆಗೆ 45ರಂತೆ 13,500. ಮೂಟೆಯೆಲ್ಲ ಖಾಲಿಯಾಗಿ ಗೋಡೌನಿನಲ್ಲಿ ಬೆಕ್ಕು ಮಲಗಿತು. ಸಿಸ್ಟಮ್‌ನಲ್ಲಿ ಮಾತ್ರ ಒಂದೂವರೆ ಟನ್ ಯೂರಿಯಾ ಹಾಗೇ ಇದೆ. ದಾಸ್ತಾನು ಇರುವಾಗ ಹೊಸ ಆರ್ಡರ್ ಹಾಕಲು ಅದು ಬಿಡುವುದಿಲ್ಲ. ಅದೂ ಒಳ್ಳೆಯ ನಿಯಮವೇ. ಹೊರಗೆ ಕೊಡೆ ಹಿಡಿದು ನಿಂತವರು ಕೇಳುತ್ತಾರೆ. "ಗೊಬ್ಬರ ಯಾವಾಗ ಬರ್ತದೆ?"

"ಇದೆ ಅಕ್ಕ," ಅಂತಾರೆ ಗುಮಾಸ್ತರು, "ಅದಕ್ಕೇ ಬರ್ತಾ ಇಲ್ಲ."

50 ಅಳಿಸಿ 45 ಮಾಡಿದರೆ ಮುಗಿಯಿತು. ಆದರೆ ಆ ಅಧಿಕಾರ ಅಡ್ಮಿನ್‌ಗೆ ಮಾತ್ರ, ಅಡ್ಮಿನ್ ಬೆಂಗಳೂರಿನಲ್ಲಿ. ದೂರಿನ ಟಿಕೆಟ್ ಹಾಕಿದರು. "ಇದು ದೋಷವಲ್ಲ, ಬದಲಾವಣೆಯ ಕೋರಿಕೆ, ಶುಲ್ಕ ಪ್ರತ್ಯೇಕ" ಅಂತ ಉತ್ತರ ಬಂತು. ನೀವೇ ಐವತ್ತು ಅಂತ ಸಹಿ ಹಾಕಿದ್ದೀರಲ್ಲ, ಬೀಡಾ ಬರುವ ಹೊತ್ತಿಗೆ?

ತುರ್ತು ಸಭೆ ಕರೆದರು. ಐವತ್ತು ಅಂದವರು ಯಾರು ಅನ್ನುವ ಮಾತು ಎತ್ತಬಾರದು ಅಂತ ಮೊದಲೇ ಒಮ್ಮತ ಆಯಿತು. ಸಾಫ್ಟ್‌ವೇರಿನಲ್ಲಿ ಕಾಫಿಗಾಗಿ ಇಟ್ಟಿದ್ದ "ಒಣಗಿ ತೂಕ ಕಡಿಮೆ" ಅನ್ನುವ ಕಲಂ ಒಂದು ಖಾಲಿ ಇತ್ತು. ಅದರಲ್ಲಿ ಒಂದೂವರೆ ಟನ್ ಕಳೆದುಬಿಡೋಣ ಅಂತ ನಿರ್ಣಯ ಮಾಡಿದರು. ಯೂರಿಯಾ ತೇವ ಹೀರುವ ಗೊಬ್ಬರ. ತಿಂಗಳು ಜೂನ್. ಸಭೆಯಲ್ಲಿ ಒಬ್ಬರು ಮಾತಾಡಿದ್ದು ಇನ್ನೊಬ್ಬರಿಗೆ ಕೇಳದಷ್ಟು ಜೋರಾಗಿ ಹೆಂಚಿನ ಮೇಲೆ ಮಳೆ ಹೊಡೆಯುತ್ತಿತ್ತು. ಅಂಥ ಮಳೆಯಲ್ಲಿ ನಮ್ಮ ಸಂಘದ ಯೂರಿಯಾ ಮೂಟೆಗೆ ಐದು ಕೆಜಿಯಂತೆ ಒಣಗಿತು.

ಆಡಿಟರ್ ಬಂದರು, ಆ ಸಾಲಿನ ಮೇಲೆ ಪೆನ್ನು ನಿಲ್ಲಿಸಿದರು, ನಿರ್ಣಯದ ನಂಬರ್ ಕೇಳಿದರು. ಗುಮಾಸ್ತರು ಬಲಗಡೆಯ ಕುರ್ಚಿಗೆ ಹೋಗಿ ಹುಡುಕಿ ಹೇಳಿದರು.